ಒಂದನೇ ತಾರೀಖು ಅಲ್ಲಿ, ಇಪ್ಪತ್ತನೇ ತಾರೀಖು ಇಲ್ಲಿ

ಮೈಸೂರಿನ ಯಾವ ಬಡಾವಣೆಗೆ ಬೇಕಾದರೂ ಹೋಗಿ ನೋಡಿ. ತಿಂಗಳ ಮೊದಲ ಭಾನುವಾರ ಸೂಪರ್ ಮಾರ್ಕೆಟ್ಟಿನ ಮುಂದೆ ಸ್ಕೂಟರ್ ನಿಲ್ಲಿಸಲು ಜಾಗ ಇರುವುದಿಲ್ಲ. ಗಂಡ ತಳ್ಳುಗಾಡಿ ತಳ್ಳುತ್ತಾನೆ, ಹೆಂಡತಿ ಪಟ್ಟಿ ನೋಡುತ್ತಾಳೆ, ಮಕ್ಕಳು ಪಟ್ಟಿಯಲ್ಲಿ ಇಲ್ಲದ್ದನ್ನೆಲ್ಲ ಗಾಡಿಗೆ ಹಾಕುತ್ತಾರೆ. ಬಿಲ್ಲು ಉದ್ದಕ್ಕೆ ಬರುತ್ತದೆ. ಕಾರ್ಡು ಉಜ್ಜಿದರೆ ಮುಗಿಯಿತು. ಅಲ್ಲಿ ಒಂದು ರೂಪಾಯಿ ಕಡಮೆಯಾದರೂ ಸಾಮಾನು ಹೊರಗೆ ಬರುವುದಿಲ್ಲ.

ಅದೇ ಮನೆಯ ಹುಡುಗ ಇಪ್ಪತ್ತನೇ ತಾರೀಖು ದಾಟುವ ಹೊತ್ತಿಗೆ ಬೀದಿ ಮೂಲೆಯ ದಿನಸಿ ಅಂಗಡಿಯ ಮುಂದೆ ನಿಂತಿರುತ್ತಾನೆ. "ಅಂಕಲ್, ಅರ್ಧ ಕೆ.ಜಿ. ಸಕ್ಕರೆ, ಕಾಲು ಕೆ.ಜಿ. ತೊಗರಿಬೇಳೆ. ಅಮ್ಮ ಬರ್ಕೊಳಕ್ಕೆ ಹೇಳಿದ್ರು."

ಶೆಟ್ಟರು ಬರೆದುಕೊಳ್ಳುತ್ತಾರೆ. ಮುಖದ ಮೇಲೆ ನಗು ಇರುತ್ತದೆ, ಒಳಗಿನ ಲೆಕ್ಕವೇ ಬೇರೆ. ಆ ಮನೆಯ ನಗದು ಅಲ್ಲಿಗೆ ಹೋಯಿತು, ಸಾಲ ಮಾತ್ರ ಇಲ್ಲಿಗೆ ಬಂತು. ಗಲ್ಲಾದ ಹಿಂದೆ "ಇಂದು ನಗದು, ನಾಳೆ ಸಾಲ" ಎಂಬ ಬೋರ್ಡು ನೇತಾಡುತ್ತಿರುತ್ತದೆ. ಅದನ್ನು ಓದಿ ವಾಪಸ್ ಹೋದ ಗಿರಾಕಿಯನ್ನು ಯಾರೂ ಕಂಡಿಲ್ಲ.

ಶೆಟ್ಟರು ಎಂದದ್ದು ಜಾತಿಯ ಮಾತಲ್ಲ. ಗಲ್ಲಾದ ಮೇಲೆ ಕೂತವರು ಗೌಡರಾಗಲಿ, ಭಾಯಿ ಆಗಲಿ, ಕೇರಳದ ಕಾಕಾ ಆಗಲಿ, ರಾಜಸ್ಥಾನದ ಸೇಠ್ ಆಗಲಿ, ಹಳೇ ಮೈಸೂರಿನ ಬಾಯಲ್ಲಿ ಅದು ಶೆಟ್ಟರ ಅಂಗಡಿಯೇ.

ಸೂಪರ್ ಮಾರ್ಕೆಟ್ ಬಂದು ಚಿಲ್ಲರೆ ಅಂಗಡಿ ಹಾಳಾಯಿತು ಎಂಬ ಗೋಳು ಹಳೆಯದು. ಅದಕ್ಕೆ ಗಿರಾಕಿಯ ಉತ್ತರವೂ ಹಳೆಯದೇ: "ಅಲ್ಲಾ ಸ್ವಾಮಿ, ಎಲ್ಲಿ ಕಡಮೆಗೆ ಸಿಗುತ್ತೋ ಅಲ್ಲಿ ತಗೋತೀವಿ, ಏನು ತಪ್ಪು?" ತಪ್ಪೇನಿಲ್ಲ. ಆದರೆ ಕಡಮೆ ಎಷ್ಟು, ಯಾರಿಗೆ ಕಡಮೆ, ಯಾಕೆ ಕಡಮೆ, ಈ ಮೂರನ್ನು ಕೇಳುವವರು ಕಮ್ಮಿ.

ಎಂ.ಆರ್.ಪಿ. ಎಂಬ ಗೋಡೆ

ಸೋಪಿನ ಮೇಲೆ, ಬಿಸ್ಕತ್ತಿನ ಮೇಲೆ ಅಚ್ಚಾಗಿರುವ ಎಂ.ಆರ್.ಪಿ. ಇದೆಯಲ್ಲ, ಅದು ಮಾರಲೇಬೇಕಾದ ಬೆಲೆ ಅಲ್ಲ. ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂಬ ಗಡಿ. ಕಡಮೆಗೆ ಮಾರಲು ಯಾವ ಅಡ್ಡಿಯೂ ಇಲ್ಲ. ಹಾಗಾದರೆ ಶೆಟ್ಟರು ಯಾಕೆ ಕಡಮೆಗೆ ಕೊಡುವುದಿಲ್ಲ? ದುರಾಸೆಯೇ?

ಲೆಕ್ಕ ನೋಡಿ. ಕಂಪನಿಯಿಂದ ಹೊರಟ ಮಾಲು ಡಿಪೋಗೆ ಬರುತ್ತದೆ, ಅಲ್ಲಿಂದ ಊರಿನ ಡಿಸ್ಟ್ರಿಬ್ಯೂಟರ್, ಅಲ್ಲಿಂದ ವಾರಕ್ಕೊಮ್ಮೆ ಬರುವ ಲೈನ್ ಸೇಲ್ಸ್‌ಮನ್ ಮೂಲಕ ಅಂಗಡಿ. ನೂರು ರೂಪಾಯಿ ಎಂ.ಆರ್.ಪಿ. ಇರುವ ಮಾಲಿನಲ್ಲಿ ಅಂಗಡಿಯವರಿಗೆ ಹತ್ತು ರೂಪಾಯಿ ಉಳಿಯುತ್ತದೆ ಎಂದೇ ಇಟ್ಟುಕೊಳ್ಳಿ. ಕೆಲವು ಮಾಲಿನಲ್ಲಿ ಅಷ್ಟೂ ಇಲ್ಲ. ದೊಡ್ಡ ಮಳಿಗೆಯವರು ಅದೇ ಮಾಲನ್ನು ಲಾರಿಗಟ್ಟಲೆ ಕಂಪನಿಯಿಂದ ನೇರ ಎತ್ತುತ್ತಾರೆ. ನಡುವಿನವರ ಪಾಲೂ ಅವರಿಗೇ. ಕಣ್ಣಿಗೆ ಬೀಳುವ ಎತ್ತರದ ಅಟ್ಟದಲ್ಲಿ ತನ್ನ ಮಾಲು ಇಡಲಿ ಎಂದು ಕಂಪನಿಯೇ ಮೇಲೆ ಹಣ ಕೊಡುವುದೂ ಉಂಟು. ಹೀಗಿರುವಾಗ ನೂರರದ್ದನ್ನು ತೊಂಬತ್ತನಾಲ್ಕಕ್ಕೆ ಮಾರಿದರೂ ಅವರಿಗೆ ಲಾಭ. ಶೆಟ್ಟರು ತೊಂಬತ್ತನಾಲ್ಕಕ್ಕೆ ಮಾರಿದರೆ ಕೈಗೆ ನಾಲ್ಕು ರೂಪಾಯಿ. ಅದರಲ್ಲೇ ಬಾಡಿಗೆ, ಕರೆಂಟು, ಇಲಿ ಕಡಿದದ್ದು, ಮಕ್ಕಳ ಫೀಸು.

ಈ ತಾರತಮ್ಯ ಬರೀ ಅಂಗಡಿಯವರ ಗೊಣಗಾಟ ಅಲ್ಲ. 2022ರ ಜನವರಿಯಲ್ಲಿ ಮಹಾರಾಷ್ಟ್ರದ ಡಿಸ್ಟ್ರಿಬ್ಯೂಟರುಗಳೇ ಕೆಲವು ದೊಡ್ಡ ಕಂಪನಿಗಳ ಮಾಲು ಹಾಕುವುದಿಲ್ಲ ಎಂದು ಕೂತರು. ದೊಡ್ಡ ವ್ಯಾಪಾರಿಗಳಿಗೆ ಒಂದು ದರ, ಚಿಲ್ಲರೆ ಅಂಗಡಿಗೆ ಒಂದು ದರ ಯಾಕೆ ಎಂಬುದೇ ಅವರ ತಕರಾರು. 2024ರಲ್ಲಿ ವಿತರಕರ ಒಕ್ಕೂಟದವರು ಹತ್ತು ನಿಮಿಷಕ್ಕೆ ಮನೆಗೆ ತಂದುಕೊಡುವ ಆ್ಯಪ್‌ಗಳ ಮೇಲೂ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು.

ಇನ್ನೊಂದು ವಿಚಿತ್ರ ಇದೆ. ಎಷ್ಟೋ ಚಿಲ್ಲರೆ ಅಂಗಡಿಯವರು ತಾವೇ ಸೂಪರ್ ಮಾರ್ಕೆಟ್ಟಿಗೆ ಹೋಗಿ ಆಫರ್ ಮಾಲು ತಂದು ಅಂಗಡಿಯಲ್ಲಿ ಇಡುತ್ತಾರೆ. ಡಿಸ್ಟ್ರಿಬ್ಯೂಟರ್ ದರಕ್ಕಿಂತ ಅಲ್ಲಿ ಅಗ್ಗ! 2003ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಮೆಟ್ರೋ ಎಂಬ ಜರ್ಮನಿ ಕಂಪನಿ ವ್ಯಾಪಾರಿಗಳಿಗೆಂದೇ ಸಗಟು ಮಳಿಗೆ ತೆರೆಯಿತು. 2023ರಲ್ಲಿ ಅದು ರಿಲಯನ್ಸ್ ಪಾಲಾಯಿತು. ಅಂದರೆ ಚಿಲ್ಲರೆ ಅಂಗಡಿಗೆ ಮಾಲು ಹಾಕುವವನೂ ಅವನೇ, ಎದುರು ಬೀದಿಯಲ್ಲಿ ಪೈಪೋಟಿಗೆ ನಿಂತವನೂ ಅವನೇ.

ಹೀಗಾಗಿ ಒಂದು ಮಾತನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ತಿಂಗಳಿಗೆ ನಾಲ್ಕು ಸಾವಿರದ ಸಾಮಾನು ಒಂದೇ ಸಲ ನಗದು ಕೊಟ್ಟು ಕೊಳ್ಳುವ ಶಕ್ತಿ ಇದ್ದು, ತರಲು ಸ್ಕೂಟರ್ ಇದ್ದು, ಪಟ್ಟಿ ಬಿಟ್ಟು ಬೇರೇನೂ ಮುಟ್ಟದ ಮನಸ್ಸಿದ್ದರೆ ಸೂಪರ್ ಮಾರ್ಕೆಟ್ ಅಗ್ಗವೇ. ನೂರಕ್ಕೆ ಆರು ರೂಪಾಯಿ ಉಳಿದರೆ ಇನ್ನೂರ ನಲವತ್ತು. ಸಣ್ಣ ಮೊತ್ತ ಅಲ್ಲ. ಆಟೋದಲ್ಲಿ ಹೋಗಿ ಬಂದರೆ ಅರ್ಧಕ್ಕರ್ಧ ಅಲ್ಲೇ ಕರಗಿತು. ಮಗು ಕೇಳಿದ ಚಾಕೊಲೇಟ್ ಡಬ್ಬ, "ಒಂದು ಕೊಂಡರೆ ಒಂದು ಉಚಿತ" ಎಂದು ತಂದು ಬೀರುವಿನಲ್ಲಿ ಒಣಗಿಸಿದ ಓಟ್ಸ್, ಇವೆರಡೂ ಸೇರಿದರೆ ಉಳಿತಾಯ ಮುಗಿದು ಮೈಮೇಲೆ ಬಂತು. ಹಾಲು ಮೊಸರು ಹಿಂಭಾಗದಲ್ಲಿ, ಮಿಠಾಯಿ ಗಲ್ಲಾದ ಪಕ್ಕದಲ್ಲಿ ಇಟ್ಟವರು ಸುಮ್ಮನೆ ಇಟ್ಟಿಲ್ಲ.

ಪೊಟ್ಟಣದ ಮಾಲು ಬಿಟ್ಟು ಬಿಡಿ ಮಾಲಿಗೆ ಬಂದರೆ ಆಟ ಬೇರೆ. ಸಂತೆಪೇಟೆಯ ಮಂಡಿಯಿಂದ ಮೂಟೆ ತಂದು ಬಿಚ್ಚಿ ಅಳೆದು ಕೊಡುವ ಬೇಳೆ, ಅಕ್ಕಿ, ಕಡಲೆಯಲ್ಲಿ ಶೆಟ್ಟರು ಎಷ್ಟೋ ಸಲ ದೊಡ್ಡ ಮಳಿಗೆಯನ್ನು ಮೀರಿಸುತ್ತಾರೆ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇಕಡ 5 ಜಿ.ಎಸ್.ಟಿ. ಬಿತ್ತು. ಮೂಟೆ ಬಿಚ್ಚಿ ತೂಗಿ ಕೊಟ್ಟರೆ ಆ ತೆರಿಗೆ ಇಲ್ಲ. ಮಿಲ್ಲಿನವರು ಬಿಟ್ಟಾರೆಯೇ? 26 ಕೆ.ಜಿ. ಚೀಲ ಹೊಲಿಸಿದರು! ಇಪ್ಪತ್ತೈದು ಕೆ.ಜಿ. ಚೀಲ ಕೇಳಿದವರಿಗೆ ಇಪ್ಪತ್ತಾರು ಯಾಕೆ ಬಂತು ಎಂದು ತಲೆ ಕೆರೆದುಕೊಂಡವರಿಗೆ ಉತ್ತರ ಇಷ್ಟೇ.

ಬರೆದುಕೊಳ್ಳುವ ಪುಸ್ತಕ

ಬೆಲೆಯ ಮಾತು ಇಲ್ಲಿಗೆ ಬಿಡಿ. ಚಿಲ್ಲರೆ ಅಂಗಡಿಯವರು ಮಾರುವುದು ಬರೀ ಸಾಮಾನನ್ನಲ್ಲ, ದಿನವನ್ನು. ಸಂಬಳ ಬರುವವರೆಗಿನ ಹತ್ತು ದಿನ, ಕೂಲಿ ಸಿಗುವವರೆಗಿನ ನಾಲ್ಕು ದಿನ, ರೇಷ್ಮೆಗೂಡು ಮಾರುಕಟ್ಟೆಗೆ ಹೋಗುವವರೆಗಿನ ಒಂದು ವಾರ.

ಪುಸ್ತಕ ಎಂದರೆ ದೊಡ್ಡದೇನಲ್ಲ. ಇನ್ನೂರು ಪುಟದ ನೋಟ್ ಬುಕ್ಕು, ದಾರದಲ್ಲಿ ಕಟ್ಟಿದ ಪೆನ್ನು. ಹೆಸರುಗಳೂ ಅಂಗಡಿಯವರಿಗೆ ಮಾತ್ರ ಅರ್ಥವಾಗುವಂಥವು: "ಹಸಿರು ಗೇಟು", "ಟೈಲರ್ ಅಮ್ಮ", "ಮಹಡಿ ಮೇಷ್ಟ್ರು", "ಕೆ.ಇ.ಬಿ. ಬಾಡಿಗೆ ಮನೆ". ವರ್ತನೆ ಮನೆಯವರಾದರೆ ಅವರ ಬಳಿಯೂ ಒಂದು ಚಿಕ್ಕ ಪುಸ್ತಕ ಇರುತ್ತದೆ, ಎರಡಕ್ಕೂ ತಾಳೆ ನೋಡುತ್ತಾರೆ. ಬಡ್ಡಿ ಇಲ್ಲ, ಜಾಮೀನು ಇಲ್ಲ, ಆಧಾರ್ ಕಾರ್ಡಿನ ಜೆರಾಕ್ಸ್ ಇಲ್ಲ.

ಇದರ ಬೆಲೆ ಎಷ್ಟು ಎಂದು ತಿಳಿಯಬೇಕಾದರೆ ಬಡ್ಡಿಗೆ ಕೊಡುವವರ ಕಡೆ ನೋಡಬೇಕು. 2025ರ ಆರಂಭದಲ್ಲಿ ಮೈಸೂರು, ಚಾಮರಾಜನಗರ ಜಿಲ್ಲೆಗಳ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ವಸೂಲಿಯವರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟ ಸುದ್ದಿಗಳು ಬಂದವು. ಸರ್ಕಾರ ಅದೇ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಅಂಥ ಕಡೆಗಳಲ್ಲೂ ಅಂಗಡಿ ಪುಸ್ತಕದ ಸಾಲಕ್ಕೆ ಊರು ಬಿಟ್ಟವರು ಎಂದು ಯಾರೂ ಹೇಳಲಿಲ್ಲ. ಶೆಟ್ಟರು ಕೇಳುವುದೇನಿದ್ದರೂ, "ಏನಕ್ಕಾ, ಈ ಕಡೆ ಬರೋದೇ ಬಿಟ್ರಲ್ಲ?" ಎಂಬಷ್ಟೇ. ಆ ಒಂದು ಮಾತಿಗೆ ಎಷ್ಟೋ ಜನ ಬೀದಿ ಬದಲಿಸಿ ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಾರೆ, ಅದು ಬೇರೆ.

ಈ ಸಾಲ ಅಂಗಡಿಯವರಿಗೆ ಪುಕ್ಕಟೆ ಬೀಳುವುದಿಲ್ಲ. ಮೂವತ್ತು ಮನೆ, ಮನೆಗೆ ಮೂರು ಸಾವಿರ ಎಂದರೆ ತೊಂಬತ್ತು ಸಾವಿರ ರೂಪಾಯಿ ಬೀದಿಯಲ್ಲಿದೆ. ಅಷ್ಟನ್ನು ಬ್ಯಾಂಕಿನಿಂದ ವರ್ಷಕ್ಕೆ ಶೇಕಡ 12ರ ಬಡ್ಡಿಗೆ ತಂದಿದ್ದರೆ ತಿಂಗಳಿಗೆ ಒಂಬೈನೂರು ರೂಪಾಯಿ ಬಡ್ಡಿಯೇ ಹೋಯಿತು. ಮೂರು ಸಾವಿರ ಬಾಕಿ ಇಟ್ಟ ಒಂದು ಮನೆಯವರು ರಾತ್ರೋರಾತ್ರಿ ಬಾಡಿಗೆ ಮನೆ ಖಾಲಿ ಮಾಡಿದರೆ? ಮೂವತ್ತು ಸಾವಿರದ ವ್ಯಾಪಾರದ ಲಾಭ ಅವರ ಲಗೇಜ್ ಆಟೋದಲ್ಲಿ ಹೋದ ಹಾಗೆ.

ಇಷ್ಟು ದಿನ ಈ ಭಾರ ತೂಗುತ್ತಿದ್ದುದು ಹೇಗೆ? ತಿಂಗಳ ಮೊದಲ ವಾರದ ನಗದು ವ್ಯಾಪಾರದಿಂದ. ಸಂಬಳದವರು ಉದ್ದನೆಯ ಪಟ್ಟಿ ಕೊಟ್ಟು ನಗದು ಎಣಿಸುತ್ತಿದ್ದರು, ಆ ಹಣದಲ್ಲಿ ಮಂಡಿಯ ಬಾಕಿ ತೀರುತ್ತಿತ್ತು, ಹೊಸ ಮೂಟೆ ಬರುತ್ತಿತ್ತು, ಆ ಮೂಟೆಯಿಂದ ಕೂಲಿಯವರಿಗೆ ಸಾಲ ನಡೆಯುತ್ತಿತ್ತು. ಈಗ ಸಂಬಳದವರ ಪಟ್ಟಿ ಸೂಪರ್ ಮಾರ್ಕೆಟ್ಟಿಗೆ ಹೋಗಿದೆ. ಕೂಲಿಯವರ ಸಾಲ ಇಲ್ಲೇ ಉಳಿದಿದೆ. ಅದರ ಮೇಲೆ ಸಂಬಳದವರ ತಿಂಗಳ ಕೊನೆಯ ಸಾಲವೂ ಕೂತಿದೆ.

ಇದರ ಪರಿಣಾಮ ಮೊದಲು ತಟ್ಟುವುದು ಸಂಬಳದವರಿಗಲ್ಲ. ಅಂಗಡಿಯವರು ಕೈ ಬಿಗಿ ಹಿಡಿದಾಗ ಮೊದಲು "ಇಲ್ಲಮ್ಮ, ಈ ಸಲ ಆಗಲ್ಲ" ಎಂದು ಹೇಳಿಸಿಕೊಳ್ಳುವವಳು ಮನೆಗೆಲಸದ ಹೆಂಗಸು, ಗಾರೆ ಕೆಲಸದವನ ಹೆಂಡತಿ. ಅವಳಿಗೆ ಕಾಲು ಕೆ.ಜಿ. ಬೇಳೆ, ಐದು ರೂಪಾಯಿಯ ಟೀ ಪುಡಿ, ಹತ್ತು ರೂಪಾಯಿಯ ಎಣ್ಣೆ ಬೇಕು. ಸೂಪರ್ ಮಾರ್ಕೆಟ್ಟಿನ ಅಟ್ಟದಲ್ಲಿ ಹತ್ತು ರೂಪಾಯಿಯ ಎಣ್ಣೆ ಅಳೆದು ಕೊಡುವವರು ಯಾರು? 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ ಅರ್ಧ ಷಟರ್ ಎತ್ತಿ ಸಾಮಾನು ಕೊಟ್ಟವರು, ಕೆಲಸ ಇಲ್ಲದ ಮನೆಗೂ ಬರೆದುಕೊಂಡು ಕೊಟ್ಟವರು ಇದೇ ಅಂಗಡಿಯವರು. ಆ ದಿನಗಳ ಬಾಕಿ ಕೆಲವು ಪುಸ್ತಕಗಳಲ್ಲಿ ಇನ್ನೂ ಹಾಗೇ ಇದೆ.

ಟಿಕೆಟ್ಟಿಲ್ಲದ ಬಸ್ಸು

ಈ ಪತ್ರಿಕೆಯನ್ನು ಬಸ್ಸಿನಲ್ಲಿ ಕೂತು ಓದುತ್ತಿರುವವರು ಒಂದು ಸಲ ಸೀಟಿನ ಕೆಳಗೆ ನೋಡಲಿ. ಬಟ್ಟೆ ಚೀಲ, ಸೂಪರ್ ಮಾರ್ಕೆಟ್ಟಿನ ಹೆಸರಿರುವ ಚೀಲ, ಅಕ್ಕಿ ಮೂಟೆ ಎಲ್ಲ ಸಿಗುತ್ತವೆ.

ಹಿಂದೆ ಹಳ್ಳಿಯ ಅಂಗಡಿಗೆ ಒಂದು ರಕ್ಷಣೆ ಇತ್ತು: ಬಸ್ ಚಾರ್ಜು. ನಂಜನಗೂಡಿನ ಕಡೆಯಿಂದಲೋ ಹುಣಸೂರಿನ ಕಡೆಯಿಂದಲೋ ಮೈಸೂರಿಗೆ ಬಂದು ಸಾಮಾನು ಕೊಂಡರೆ ಉಳಿದದ್ದು ಟಿಕೆಟ್ಟಿಗೇ ಸರಿಹೋಗುತ್ತಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ಹಣ ಇಲ್ಲ. ಒಬ್ಬ ಪ್ರಯಾಣಿಕರು 30 ಕೆ.ಜಿ. ತನಕ ಸಾಮಾನು ಬಿಟ್ಟಿ ಒಯ್ಯಬಹುದು ಎಂಬುದು ಮೊದಲಿನಿಂದ ಇದ್ದ ನಿಯಮ. ಅಂದರೆ ಆ 26 ಕೆ.ಜಿ. ಚೀಲವೂ ಮೇಲೆ ನಾಲ್ಕು ಕೆ.ಜಿ. ಸಕ್ಕರೆ ಬೇಳೆಯೂ ಕಂಡಕ್ಟರನ ಕಣ್ಣಿಗೆ ನ್ಯಾಯವಾಗಿಯೇ ಇದೆ, ಕಾಲಿಡಲು ಜಾಗ ಇಲ್ಲದಿದ್ದರೂ.

ಹೆಂಗಸರು ದುಡಿಮೆಗೆ, ಆಸ್ಪತ್ರೆಗೆ, ದೇವಸ್ಥಾನಕ್ಕೆ ಯಾರ ಕೈಯನ್ನೂ ಕಾಯದೆ ಹೋಗಿ ಬರುವಂತಾಯಿತು. ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳ್ಳಿ ಅಂಗಡಿಯ ಬಸ್ ಚಾರ್ಜಿನ ಬೇಲಿ ಬಿತ್ತು. ಮೈಸೂರಿನ ದೇವರಾಜ ಮಾರುಕಟ್ಟೆಯವರಿಗೆ, ಸಂತೆಪೇಟೆಯವರಿಗೆ ಗಿರಾಕಿ ಹೆಚ್ಚಾದರೆ ಅದು ಇಳಿದು ಬಂದದ್ದು ಹಳ್ಳಿಯ ಅಂಗಡಿಕಟ್ಟೆಯಿಂದ. ಗಂಡಸರ ಕಥೆ ಉಲ್ಟಾ. 2025ರ ಜನವರಿ 5ರಿಂದ ಬಸ್ ದರ ಶೇಕಡ 15 ಏರಿತು. ಸಾಮಾನು ತರಲು ಗಂಡ ಹೋದರೆ ದಂಡ, ಹೆಂಡತಿ ಹೋದರೆ ಲಾಭ. ಸಾಮಾನಿನ ಪಟ್ಟಿ ಎಷ್ಟೋ ಮನೆಗಳಲ್ಲಿ ಹೆಂಗಸರ ಕೈಗೆ ಬಂದದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಯೋಜನೆಯದು ಎರಡೂ ಕಡೆಯ ಕಥೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆ ಸಿಕ್ಕಿದ ಗೃಹಲಕ್ಷ್ಮಿಯ ಎರಡು ಸಾವಿರ ಎಷ್ಟೋ ಮನೆಗಳಲ್ಲಿ ಅಂಗಡಿ ಬಾಕಿ ತೀರಿಸಲು ಬಂತು. ಕಂತು ತಡವಾದಾಗ ಅದೇ ಯೋಜನೆ ಅಂಗಡಿಯವರ ಕಿವಿಗೆ ಹೊಸ ಮಾತಾಗಿ ಬಿತ್ತು: "ಗೃಹಲಕ್ಷ್ಮಿ ದುಡ್ಡು ಬಂದ ತಕ್ಷಣ ಕೊಟ್ಬಿಡ್ತೀನಿ ಅಣ್ಣಾ." ಶೆಟ್ಟರು ಸರ್ಕಾರದ ಖಜಾನೆಗೂ ಸಾಲ ಕೊಟ್ಟ ಹಾಗಾಯಿತು.

ಸ್ಕ್ಯಾನರ್ ತಂದ ನೋಟಿಸು

ಅಂಗಡಿಯವರಿಗೆ ಏಟು ಬಿದ್ದದ್ದು ಸೂಪರ್ ಮಾರ್ಕೆಟ್ಟಿನಿಂದ ಮಾತ್ರ ಅಲ್ಲ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದ ಮೇಲೆ "ಡಿಜಿಟಲ್ ಆಗಿ" ಎಂದು ಹೇಳಿ ಹೇಳಿ, ಕಡಲೆಕಾಯಿ ಗಾಡಿಯ ಮೇಲೂ ಚೌಕುಳಿ ಚಿತ್ರ ಅಂಟಿಸಿದರು. ಚಿಲ್ಲರೆ ಜಗಳ ತಪ್ಪಿತು, ಚಿಲ್ಲರೆ ಬದಲು ಕೊಡುತ್ತಿದ್ದ ಪೆಪ್ಪರಮಿಂಟೂ ತಪ್ಪಿತು. ಅಂಗಡಿಯವರೂ ಖುಷಿಯಾಗಿದ್ದರು.

2025ರ ಜುಲೈನಲ್ಲಿ ಆ ಚೌಕುಳಿಯ ಲೆಕ್ಕವನ್ನೇ ಮುಂದಿಟ್ಟುಕೊಂಡು ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದವು. ವರ್ಷಕ್ಕೆ ಸರಕಿನ ವ್ಯಾಪಾರ 40 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ ಮಾಡಿಸಬೇಕು ಎಂಬುದು ನಿಯಮ. ನಲವತ್ತು ಲಕ್ಷ ಎಂದರೆ ದೊಡ್ಡ ಸಾಹುಕಾರ ಎಂದುಕೊಳ್ಳಬೇಡಿ. ದಿನಕ್ಕೆ 11 ಸಾವಿರ ವ್ಯಾಪಾರವಾದರೆ 365 ದಿನಕ್ಕೆ 40 ಲಕ್ಷದ 15 ಸಾವಿರ ಆಗುತ್ತದೆ! ಅದರಲ್ಲಿ ಹತ್ತು ಪರ್ಸೆಂಟು ಲಾಭ ಎಂದರೂ ದಿನಕ್ಕೆ ಸಾವಿರದ ನೂರು. ಬಾಡಿಗೆ, ಕರೆಂಟು, ಹುಡುಗನ ಕೂಲಿ ಕಳೆದರೆ ಗಾರೆ ಮೇಸ್ತ್ರಿಯ ದಿನಗೂಲಿಗೂ ಸಮ ಬರುವುದಿಲ್ಲ. ತೆರಿಗೆಯೇ ಇಲ್ಲದ ಹಾಲು, ತರಕಾರಿ, ಬಿಡಿ ಅಕ್ಕಿಯ ಹಣವೂ ಸ್ಕ್ಯಾನರಿನಲ್ಲೇ ಬಂದಿರುತ್ತದೆ. ಮಗನ ಕಾಲೇಜು ಫೀಸಿಗೆ ಭಾವ ಹಾಕಿದ ದುಡ್ಡೂ ಅದರಲ್ಲೇ ಇರಬಹುದು.

ರಾಜ್ಯದ ಎಷ್ಟೋ ಅಂಗಡಿಗಳ ಮುಂದೆ "ನೋ ಯು.ಪಿ.ಐ., ಓನ್ಲಿ ಕ್ಯಾಷ್" ಬೋರ್ಡು ಎದ್ದವು. ಜುಲೈ 25ಕ್ಕೆ ಬಂದ್ ಎಂದು ಗೊತ್ತಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಜೊತೆ ಸಭೆ ಮಾಡಿ, ಸಣ್ಣ ವ್ಯಾಪಾರಿಗಳಿಂದ ಹಳೆಯ ತೆರಿಗೆ ವಸೂಲು ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ಬಂದ್ ಕೈಬಿಟ್ಟರು. ನಿಯಮ ನಿಯಮವೇ. ರಾಜಿ ತೆರಿಗೆ ಎಂಬ ಸುಲಭದ ದಾರಿಯೂ ಇದೆ, ಒಂದೂವರೆ ಕೋಟಿ ವ್ಯಾಪಾರದ ತನಕ ನೂರಕ್ಕೆ ಒಂದು ರೂಪಾಯಿ ಕಟ್ಟಿದರೆ ಮುಗಿಯುತ್ತದೆ. ಆದರೆ ಅದನ್ನು ಮೊದಲು ಬಂದು ಹೇಳಿದವರು ಯಾರು? ಬಂದದ್ದು ನೋಟಿಸು.

ಅದರ ಬೆನ್ನಿಗೇ ಸೆಪ್ಟೆಂಬರ್ 22. ಸೋಪು, ಶಾಂಪೂ, ಟೂತ್ ಪೇಸ್ಟು, ಬಿಸ್ಕತ್ತಿನ ಜಿ.ಎಸ್.ಟಿ. ಶೇಕಡ 18ರಿಂದ 5ಕ್ಕೆ ಇಳಿಯಿತು. ದೊಡ್ಡ ಮಳಿಗೆಯಲ್ಲಿ ಕಂಪ್ಯೂಟರಿನ ಗುಂಡಿ ಒತ್ತಿ ಬೆಳಗಾಗುವುದರೊಳಗೆ ದರ ಬದಲಿಸಿದರು. ಚಿಲ್ಲರೆ ಅಂಗಡಿಯ ಅಟ್ಟದಲ್ಲಿ ಹಳೆಯ ತೆರಿಗೆ ಕೊಟ್ಟು ತಂದ ಮಾಲು ಹಾಗೇ ಕೂತಿತ್ತು. ನೋಂದಣಿ ಇಲ್ಲದವರಿಗೆ ಕೊಟ್ಟ ತೆರಿಗೆಯನ್ನು ಲೆಕ್ಕಕ್ಕೆ ಹಿಡಿದು ವಾಪಸ್ ಪಡೆಯುವ ದಾರಿ ಇಲ್ಲ. ಗಿರಾಕಿ ಪೇಪರು ಹಿಡಿದು ಬಂದು, "ಏನ್ರೀ, ಮೋದಿ ಕಡಮೆ ಮಾಡಿದ್ರೂ ನೀವು ಮಾಡಲ್ವಲ್ಲ" ಎಂದು ಜೋರು ಮಾಡಿದರೆ ಉತ್ತರ ಎಲ್ಲಿಂದ ಬರಬೇಕು?

ತಕ್ಕಡಿಯ ಕಡೆ ನೋಡಿ

ಇಷ್ಟೆಲ್ಲ ಓದಿ ಅಂಗಡಿಯವರು ಮೀಸೆ ತಿರುವಿಕೊಳ್ಳುವುದು ಬೇಡ. ಗಿರಾಕಿ ಎದ್ದು ಹೋದದ್ದು ಬರೀ ಆರು ರೂಪಾಯಿಗಲ್ಲ.

ಹಾಲಿನ ಪ್ಯಾಕೆಟ್ಟಿಗೆ ಒಂದೆರಡು ರೂಪಾಯಿ ಮೇಲೆ ಕೇಳುವುದು, ಅದಕ್ಕೆ "ಫ್ರಿಜ್ ಕರೆಂಟು" ಎಂದು ಹೆಸರಿಡುವುದು ಎಷ್ಟು ಅಂಗಡಿಗಳಲ್ಲಿ ಇಲ್ಲ? ಎಂ.ಆರ್.ಪಿ. ಮೇಲೆ ಒಂದು ಪೈಸೆ ತೆಗೆದುಕೊಂಡರೂ ಅಪರಾಧ. ತಂಪು ಮಾಡಿದ್ದಕ್ಕೆ ಬೇರೆ ಬೆಲೆ ಎಂಬುದು ಕಾನೂನಿನಲ್ಲಿ ಇಲ್ಲ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಬೇಕು. ಹಾಕಿಸಿದ ಸರ್ಟಿಫಿಕೇಟನ್ನು ಗೋಡೆಗೆ ತೂಗು ಹಾಕಿದ ಅಂಗಡಿ ಎಷ್ಟಿವೆ, ಲಕ್ಷ್ಮೀ ಪಟ ತೂಗು ಹಾಕಿದ ಅಂಗಡಿ ಎಷ್ಟಿವೆ, ಗಿರಾಕಿಗಳೇ ಎಣಿಸಿಕೊಳ್ಳಲಿ. ಸೊನ್ನೆ ಬರುವ ಮೊದಲೇ ಪೇಪರಿನ ಪೊಟ್ಟಣ ಇಟ್ಟು ತೂಗುವ ಚಾಳಿಯೂ ಉಂಟು. ದಿನಾಂಕ ಮುಗಿದ ಬಿಸ್ಕತ್ತು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬರುವುದೂ ಉಂಟು. ಬಿಲ್ಲು ಕೇಳಿದರೆ ಅನುಮಾನದಿಂದ ಮುಖ ನೋಡುವುದು ಸರೇಸಾಮಾನ್ಯ.

ಇದರಲ್ಲಿ ಹೇಳಲೇಬೇಕಾದ ಒಂದು ಕಹಿ ಸಂಗತಿ ಎಂದರೆ, ಸಾಲದ ಗಿರಾಕಿ ತಕ್ಕಡಿ ನೋಡುವುದಿಲ್ಲ. ನೋಡುವ ಧೈರ್ಯ ಅವಳಿಗಿಲ್ಲ. ದರ ಕೇಳುವುದಿಲ್ಲ, ಹುಳ ಬಂದ ರವೆಯನ್ನು ವಾಪಸ್ ತರುವುದಿಲ್ಲ. ನಾಳೆ "ಇಲ್ಲ" ಎಂದುಬಿಟ್ಟರೆ ಏನು ಗತಿ ಎಂಬ ಅಂಜಿಕೆ. ಈ ಅಂಜಿಕೆಯ ಮೇಲೆ ನಡೆಯುವ ಅಂಗಡಿಗಳೂ ಇವೆ. ಅಂಥವರ ಪುಸ್ತಕದಲ್ಲಿ ಬಡ್ಡಿ ಎಂಬ ಪದ ಇರುವುದಿಲ್ಲ, ಬಡ್ಡಿ ತೂಕದಲ್ಲಿ ಇರುತ್ತದೆ. ಹಿಂದಿನ ಕಾಲದ ಅಂಗಡಿಯವರು ತೂಗಿದ ಮೇಲೆ ಒಂದು ಚಿಟಿಕೆ ಕೊಸರು ಹಾಕುತ್ತಿದ್ದರು. ಆ ಚಿಟಿಕೆಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತಿತ್ತೋ ಏನೋ, ಗಿರಾಕಿ ಮಾತ್ರ ತಲೆಮಾರು ಬಿಟ್ಟು ಹೋಗುತ್ತಿರಲಿಲ್ಲ.

ಸೂಪರ್ ಮಾರ್ಕೆಟ್ಟಿನವರೂ ಗಂಗಾಸ್ನಾನ ಮಾಡಿದವರಲ್ಲ. ಅಟ್ಟದ ಮೇಲೆ ಒಂದು ದರ, ಬಿಲ್ಲಿನಲ್ಲಿ ಒಂದು ದರ ಬರುವುದು ಹೊಸದಲ್ಲ. ದೊಡ್ಡ ಪ್ಯಾಕ್ ಅಗ್ಗ ಎಂಬುದೂ ಯಾವಾಗಲೂ ನಿಜವಲ್ಲ. 2022ರಲ್ಲಿ ಬಂದ ನಿಯಮದ ಪ್ರಕಾರ ಪ್ಯಾಕಿನ ಮೇಲೆ ಗ್ರಾಮಿಗೆ ಅಥವಾ ಕೆ.ಜಿ.ಗೆ ಎಷ್ಟು ಎಂದು ಅಚ್ಚು ಹಾಕಬೇಕು. ಅಕ್ಷರ ಸಣ್ಣದು, ಕನ್ನಡಕ ತೆಗೆದುಕೊಂಡು ಹೋಗುವುದು ವಾಸಿ. ಎರಡೂ ಕಡೆಯ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ದೊಡ್ಡದು ಬಂದರೆ ಶಾಶ್ವತ ಎಂದುಕೊಂಡವರಿಗೆ ಇತಿಹಾಸ ಬೇರೆ ಹೇಳುತ್ತದೆ. 1966ರಲ್ಲಿ ರೂಪಾಯಿ ಬೆಲೆ ಇಳಿದು ಸಾಮಾನು ತುಟ್ಟಿಯಾದಾಗ ದಿಲ್ಲಿಯಲ್ಲಿ ಸರ್ಕಾರವೇ ಸೂಪರ್ ಬಜಾರ್ ತೆರೆಯಿತು. ಇಲ್ಲಿನ ಜನ ಸರದಿ ನಿಂತದ್ದು ಸಹಕಾರಿ ಜನತಾ ಬಜಾರಿನ ಮುಂದೆ. ಅವುಗಳ ಭರಾಟೆ ಈಗ ಎಲ್ಲಿದೆ? 1997ರಲ್ಲಿ ಚೆನ್ನೈನಲ್ಲಿ ಹುಟ್ಟಿದ ಸುಭಿಕ್ಷ ದೇಶದ ತುಂಬ ಸಾವಿರದ ಆರುನೂರಕ್ಕೂ ಹೆಚ್ಚು ಅಂಗಡಿ ತೆರೆದು 2009ರಲ್ಲಿ ಬಾಗಿಲು ಹಾಕಿತು. 2001ರಲ್ಲಿ ಶುರುವಾದ ಬಿಗ್ ಬಜಾರ್ ಕಥೆ 2022ರಲ್ಲಿ ಮುಗಿಯಿತು. ದುಡ್ಡಿನ ನಿಭಾವಣೆ ಬಲ್ಲವರು ಉಳಿದಿದ್ದಾರೆ. ಡಿಮಾರ್ಟ್ 2002ರಲ್ಲಿ ಮುಂಬಯಿಯ ಪೊವಾಯಿಯಲ್ಲಿ ಶುರುವಾದದ್ದು, ಮಾಲು ಕೊಟ್ಟವರಿಗೆ ಬೇಗ ಹಣ ಕೊಟ್ಟು ದರ ಇಳಿಸಿಕೊಳ್ಳುವುದೇ ಅದರ ಗುಟ್ಟು. ಬೀದಿಯಲ್ಲಿ ತೊಂಬತ್ತು ಸಾವಿರ ಸಿಕ್ಕಿಹಾಕಿಕೊಂಡವರು ಆ ಗುಟ್ಟನ್ನು ಕಲಿತು ಮಾಡುವುದೇನು?

ದೊಡ್ಡ ಮಳಿಗೆ ಮುಚ್ಚಿದಾಗ ನಷ್ಟ ಆಗುವುದು ಮಾಲು ಕೊಟ್ಟವರಿಗೆ, ಬ್ಯಾಂಕಿಗೆ, ಕೆಲಸದ ಹುಡುಗರಿಗೆ. ಗಿರಾಕಿ ಮತ್ತೊಂದು ಮಳಿಗೆಗೆ ಹೋಗುತ್ತಾನೆ. ಬೀದಿ ಮೂಲೆಯ ಅಂಗಡಿ ಮುಚ್ಚುವುದು ಬೇರೆ ರೀತಿ. ಮಗ ಬೆಂಗಳೂರಿನ ಕಂಪನಿ ಸೇರಿರುತ್ತಾನೆ, "ಅಪ್ಪಾ, ಸಾಕು ಬಿಡಿ" ಎನ್ನುತ್ತಾನೆ. ಮೊದಲು ಮಧ್ಯಾಹ್ನ ಷಟರ್ ಇಳಿಯುತ್ತದೆ, ಆಮೇಲೆ ಭಾನುವಾರ, ಆಮೇಲೆ ಸೇಲ್ಸ್‌ಮನ್ ಬರುವುದು ನಿಲ್ಲುತ್ತದೆ. ಒಂದು ದಿನ ಅದೇ ಜಾಗದಲ್ಲಿ ಮೊಬೈಲ್ ರಿಪೇರಿ ಬೋರ್ಡು.

ತಕ್ಕಡಿ ಗುಜರಿಗೆ ಹೋಗುತ್ತದೆ. ಪುಸ್ತಕ ಮಾತ್ರ ಮನೆಗೆ ಹೋಗುತ್ತದೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಮಾರಿದ ಸಾಮಾನಿನ ಬಾಕಿಗೆ ಮೂರು ವರ್ಷದೊಳಗೆ ದಾವೆ ಹಾಕಬೇಕು. ಸಾವಿರದ ಎಂಟುನೂರು ರೂಪಾಯಿಗೆ "ಹಸಿರು ಗೇಟಿ"ನ ಮೇಲೆ, ಆರುನೂರ ನಲವತ್ತಕ್ಕೆ "ಮಹಡಿ ಮೇಷ್ಟ್ರ" ಮೇಲೆ ಕೋರ್ಟಿಗೆ ಹೋಗುವವರು ಯಾರು? ಅವರೆಲ್ಲ ಅದೇ ಬೀದಿಯಲ್ಲೇ ಇದ್ದಾರೆ, ಬೆಳಿಗ್ಗೆ ಹಾಲಿಗೆ ಹೋಗುವಾಗ ಸಿಗುತ್ತಾರೆ, "ಏನು ಶೆಟ್ರೇ, ಅಂಗಡಿ ಯಾಕೆ ಬಿಟ್ಬಿಟ್ರಿ?" ಎಂದು ಕೇಳುತ್ತಾರೆ.